ಜಗಲಿಯಾಚೆಯ ಬಾಣಂತಿ

ಆಟಿ ತಿಂಗಳ ಮಳೆ ಎಂದರೇನೆಂಬುದನ್ನು ಮಂಗಳೂರಿನವರಿಗೆ ಹೇಳಬೇಕಾದುದಿಲ್ಲ. ಘಟ್ಟದ ಮೇಲಿನ ವಾಚಕರಿಗೆ ಹೇಳಿದರೆ ನಂಬುವುದು ಕಷ್ಟ. ವರ್ಷವೊಂದರಲ್ಲಿ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಈ ಊರಿನ ಮಾಡುಗಳ ಮೇಲೆ ಇಳಿದು ಮುಗಿಯುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಆರದು; ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ; ಅಂಗಳದ ಗೋಡೆಗೆ ಪಾಚಿ ಹತ್ತುತ್ತದೆ. ಮೂರು ವರ್ಷಗಳ ಹಿಂದೆ, ಅಂತಹ ಒಂದು ರಾತ್ರಿ, ಕದ್ರಿ ಗುಡ್ಡದ ತಪ್ಪಲಿನಲ್ಲಿರುವ ನಮ್ಮ ಮನೆಯ ಸೌದೆ ಕೊಟ್ಟಿಗೆಯೊಳಗೆ ಬೀದಿಯ ಬಿಳಿ ನಾಯಿಯೊಂದು ನುಗ್ಗಿ ಆರು ಮರಿಗಳನ್ನು ಹಾಕಿತು.

ಬೆಳಗ್ಗೆ ಸೌದೆಗೆ ಹೋದ ನಮ್ಮ ಯಜಮಾನರು ಗುರ್ರೆಂಬ ಸದ್ದು ಕೇಳಿ ಹಿಂದಕ್ಕೆ ಬಂದು ಕೋಲು ಹುಡುಕತೊಡಗಿದರು. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು.

"ಬಾಣಂತಿಯನ್ನು ಮಳೆಗೆ ದೂಡುವುದುಂಟೋ? ಮೇಲೆ ಜೋಗಿಮಠದಲ್ಲಿ ಕಾಲಭೈರವ ಕೂತಿದ್ದಾನೆ. ಅವನ ವಾಹನ ಯಾವುದೆಂದು ನೆನಪಿದೆಯೋ ನಿನಗೆ?"

ಈ ಮಾತಿಗೆ ಪ್ರತಿವಾದವಿರಲಿಲ್ಲ. ಕೋಲು ಮೂಲೆ ಸೇರಿತು. ಮಕ್ಕಳು ಆ ಕ್ಷಣವೇ ನಾಯಿಗೆ 'ಬೊಳ್ಳಿ' ಎಂದು ನಾಮಕರಣ ಮಾಡಿದರು. ಎರಡು ಹೆತ್ತು ಸಾಕಿದ ನನಗೆ ನಾಯಿಯ ಬಾಣಂತನವೇನು ಮಹಾ ಕೆಲಸ ಎಂದುಕೊಂಡೆ. ಆ ಎಣಿಕೆಗೆ ಅಂದು ಸಂಜೆಯೊಳಗೆ ಒಂದು ಮರಿ ಬಲಿಯಾಯಿತು.

ನಡೆದುದನ್ನು ಮರೆಮಾಚದೆ ಹೇಳುತ್ತೇನೆ. ಐದು ಮರಿಗಳು ತಾಯಿಯ ಹೊಟ್ಟೆಗೆ ಆತುಕೊಂಡು ಚೀಪುತ್ತಿದ್ದುವು. ಆರನೆಯದು ಮಾತ್ರ ಗೋಡೆಯ ಬದಿಯಲ್ಲಿ, ಒದ್ದೆ ಗೋಣಿಯ ಮೇಲೆ, ಒಂಟಿಯಾಗಿ ಬಿದ್ದಿತ್ತು. ಅಳುತ್ತಲೂ ಇರಲಿಲ್ಲ. ಮುಟ್ಟಿದರೆ ತಣ್ಣಗಿತ್ತು. 'ಪಾಪ, ಹಸಿದಿದೆ' ಎಂದುಕೊಂಡು ಎತ್ತಿ ತಂದೆ. ನನ್ನ ಮಕ್ಕಳಿಗೆ ಹಾಲು ಹಾಕಿದ ಬೆಳ್ಳಿಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು, ದನದ ಹಾಲನ್ನು ಉಗುರುಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವಂತೆ ಮರಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಕುಡಿಸಿದೆ. ಅರ್ಧ ಒಳಗೆ ಹೋಯಿತು; ಅರ್ಧ ಮೂಗಿನಿಂದ ಬಂತು. ದೀಪ ಹಚ್ಚುವ ಹೊತ್ತಿಗೆ ಅದರ ಉಸಿರು ನಿಂತಿತು.

ಎರಡು ದಿನಗಳ ಅನಂತರ ಪರಿಚಯದ ಪಶುವೈದ್ಯರೊಬ್ಬರು ಬಂದಾಗ ನಾನು ಈ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹಸಿದಿರಲಿಲ್ಲ ಅಮ್ಮಾ, ಚಳಿಯಲ್ಲಿತ್ತು" ಎಂದರು. ಈ ಲೇಖನವನ್ನು ಬರೆಯಲು ಕಾರಣವೇ ಆ ಒಂದು ಮಾತು. ಏಕೆಂದರೆ ನಾನು ಮಾಡಿದುದನ್ನೇ ಮಾಡುವ ಮನೆಗಳು ನಮ್ಮೂರಿನಲ್ಲಿ ಪ್ರತಿ ಮಳೆಗಾಲವೂ ಇವೆ.

ಹುಟ್ಟಿದ ನಾಯಿಮರಿಗೆ ಕಣ್ಣು, ಕಿವಿ ಮುಚ್ಚಿರುತ್ತವೆಂಬುದು ಎಲ್ಲರಿಗೂ ಗೊತ್ತು. ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮೊದಲ ಐದಾರು ದಿನ ಅದಕ್ಕೆ ನಡುಗಲೂ ಬಾರದು. ಚಳಿಯಾದಾಗ ನಾವು ನಡುಗುವುದು ಮೈಯನ್ನು ಬಿಸಿಮಾಡಿಕೊಳ್ಳುವ ಉಪಾಯ. ಆ ಉಪಾಯ ಮರಿಗೆ ಇನ್ನೂ ಕೈಗೂಡಿರುವುದಿಲ್ಲ. ದೊಡ್ಡ ನಾಯಿಯ ಮೈಶಾಖ ೩೮ರಿಂದ ೩೯ ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊದಲ ವಾರದ ಮರಿಯದು ೩೫ರಿಂದ ೩೭ ಮಾತ್ರ, ಅದೂ ತಾಯಿಯ ಮೈಯಿಂದ ಎರವಲು ಪಡೆದದ್ದು. ಅದರ ಹಾಸಿಗೆಯ ಬಳಿ ಸುಮಾರು ೩೦ ಡಿಗ್ರಿಯ ಬೆಚ್ಚಗಿರಬೇಕು. ನಮ್ಮೂರಿನ ಮಳೆಗಾಲದ ರಾತ್ರಿಯಲ್ಲಿ ೨೩, ೨೪ ಡಿಗ್ರಿ ಇರುತ್ತದೆ. ನಮಗೆ ಅದು ಹಿತವಾದ ತಂಪು. 'ಮಂಗಳೂರಿನಲ್ಲಿ ಎಲ್ಲಿಯ ಚಳಿ?' ಎಂದು ನಾವು ನಗುತ್ತೇವೆ. ಒದ್ದೆ ಗೋಣಿಯ ಮೇಲೆ ತಾಯಿಯಿಂದ ಎರಡು ಮೊಳ ದೂರ ಉರುಳಿದ ಮರಿಗೆ ಅದೇ ತಂಪು ಯಮಪಾಶ.

ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿಬಿಡುತ್ತದೆ. ಆಗ ಹಾಲು ಹಾಕಿದರೆ ಜೀರ್ಣವಾಗದೆ ಹೊಟ್ಟೆಯಲ್ಲಿ ಕೊಳೆಯುತ್ತದೆ. ನುಂಗುವ ಶಕ್ತಿಯೂ ಕುಂದಿರುವುದರಿಂದ ಶ್ವಾಸಕೋಶಕ್ಕೂ ಇಳಿಯಬಹುದು. ಅಂಗಾತ ಮಲಗಿಸಿದರಂತೂ ಇಳಿದೇ ತೀರುತ್ತದೆನ್ನಬಹುದು. ಆದುದರಿಂದ ಮೊದಲು ಕಾವು, ಅನಂತರ ಹಾಲು. ಕಾವು ಕೊಡುವುದಕ್ಕೂ ಅವಸರ ಸಲ್ಲದು. ಬೆಂಕಿಯ ಮುಂದೆ ಹಿಡಿಯುವುದು, ಬಿಸಿನೀರಿನಲ್ಲಿ ಅದ್ದುವುದು ಎರಡೂ ಅಪಾಯ. ಒಣಬಟ್ಟೆಯಲ್ಲಿ ಸುತ್ತಿ ನಮ್ಮ ಮೈಗೆ ಅವಚಿಕೊಂಡು ಒಂದೆರಡು ಗಂಟೆ ಕೂರುವುದೇ ಲೇಸು. ಐದನೆಯ ದಿನ ಇನ್ನೊಂದು ಮರಿ ಹೀಗೆಯೇ ತಣ್ಣಗಾದಾಗ ನಾನು ಅದನ್ನು ಸೆರಗಿನೊಳಗೆ ಎದೆಗವಚಿಕೊಂಡು ಎರಡು ಗಂಟೆ ಕುಳಿತೆ. ಅಂದು ನಮ್ಮಲ್ಲಿ ಅಡುಗೆ ತಡವಾಯಿತು. ಮರಿ ಮೊದಲು ಮಿಸುಕಿತು, ಆಮೇಲೆ ಸಣ್ಣಗೆ ಕುಂಯ್‌ಗುಟ್ಟಿತು. ತಾಯಿಯ ಬಳಿ ಬಿಟ್ಟೊಡನೆ ಮೊಲೆ ಹುಡುಕಿಕೊಂಡು ಹೋಯಿತು.

ಇನ್ನು ದನದ ಹಾಲಿನ ವಿಚಾರ. ನಾಯಿಯ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ದನದ ಹಾಲಿಗಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಲಿನ ಸಕ್ಕರೆ ಮಾತ್ರ ಕಡಿಮೆ. ದನದ ಹಾಲನ್ನೇ ನಂಬಿಸಿದರೆ ಮರಿ ಭೇದಿಯಿಂದ ಬಳಲುತ್ತದೆ, ಹೊಟ್ಟೆ ತುಂಬಿದಂತೆ ಕಂಡರೂ ಸೊರಗುತ್ತದೆ. ತಾಯಿಯಿಲ್ಲದ ತಬ್ಬಲಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಪಶುವೈದ್ಯಕೀಯ ಔಷಧಾಲಯಗಳಲ್ಲಿ ದೊರೆಯುತ್ತದೆ. ಅದನ್ನು ಎರಡು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಮರಿಯನ್ನು ಬೋರಲಾಗಿಯೇ ಇರಿಸಿ, ತಲೆಯನ್ನು ತುಸುವೇ ಎತ್ತಿ, ಅಷ್ಟಷ್ಟೇ ಕುಡಿಸಬೇಕು. ಕುಡಿಸಿದ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಒರೆಸಬೇಕು. ತಾಯಿ ನೆಕ್ಕಿದಲ್ಲದೆ ಮರಿಗೆ ಮಲಮೂತ್ರ ವಿಸರ್ಜನೆಯೇ ಆಗುವುದಿಲ್ಲ. ಬೊಳ್ಳಿ ಗಳಿಗೆಗೊಮ್ಮೆ ಮರಿಗಳ ಹಿಂಭಾಗವನ್ನು ನೆಕ್ಕುತ್ತಿದ್ದುದನ್ನು ಕಂಡು ನನ್ನ ಮಗಳು ಮೂಗು ಮುರಿದಿದ್ದಳು; ಕಾರಣ ತಿಳಿದ ಮೇಲೆ ಶಾಲೆಯಲ್ಲಿ ಅದನ್ನೇ ಹೇಳಿ ಟೀಚರಿನಿಂದ ಬೈಸಿಕೊಂಡು ಬಂದಳು.

ತಾಯಿಯಿರುವಾಗ ಇಷ್ಟೆಲ್ಲ ಉಪಚಾರ ನಮಗೆ ಬೇಕಿಲ್ಲ. ಮರಿಗಳನ್ನು ಸಾಕುವುದು ಅವಳ ಕೆಲಸ, ಅವಳನ್ನು ಸಾಕುವುದು ನಮ್ಮ ಕೆಲಸ. ಅದರಲ್ಲಿಯೂ ಹುಟ್ಟಿದ ಮೊದಲ ದಿನ ಪ್ರತಿಯೊಂದು ಮರಿಯೂ ಅವಳ ಗಿಣ್ಣುಹಾಲನ್ನು ಕುಡಿಯಿತೇ ಎಂದು ನೋಡಿಕೊಳ್ಳುವುದು ಮುಖ್ಯ. ರೋಗಗಳನ್ನು ತಡೆಯುವ ಶಕ್ತಿ ಆ ಹಾಲಿನಲ್ಲಿದೆ. ಮರಿಯ ಕರುಳು ಅದನ್ನು ಹಾಗೆಯೇ ಹೀರಿಕೊಳ್ಳುವುದು ಸುಮಾರು ಒಂದು ದಿನದ ಮಟ್ಟಿಗೆ ಮಾತ್ರ.

ಬೊಳ್ಳಿಗೆ ನಾವು ಮಾಡಿಕೊಟ್ಟ ಮೊದಲ ಉಪಚಾರವೆಂದರೆ ಒಂದು ಪೆಟ್ಟಿಗೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚು ಲೋಕಪ್ರಸಿದ್ಧವಾಗಿದೆ. ಆದರೆ ನಮ್ಮ ಸೌದೆ ಕೊಟ್ಟಿಗೆಯ ಮಾಡಿನಲ್ಲಿ ಎರಡು ಹಂಚು ಒಡೆದುದು ಲೋಕಕ್ಕೆ ಹೇಗೆ ಗೊತ್ತಾಗಬೇಕು? ಆರನೆಯ ಮರಿ ಬಿದ್ದಿದ್ದುದು ಆ ಸೋರಿಕೆಯ ಕೆಳಗೇ. ಆಚಾರಿಯನ್ನು ಕರೆಸಿ, ಹಳೆಯ ಹಲಸಿನ ಹಲಗೆಗಳಿಂದ ತಾಯಿ ಕಾಲು ಚಾಚಿ ಮಲಗುವಷ್ಟು ಅಗಲದ ಪೆಟ್ಟಿಗೆ ಮಾಡಿಸಿದೆವು. ಮುಂಭಾಗ ಮಾತ್ರ ತಗ್ಗು, ತಾಯಿ ದಾಟಬೇಕು, ಮರಿ ಉರುಳಬಾರದು. ಒಳಗೆ ಸುತ್ತಲೂ ಗೋಡೆಯಿಂದ ಮೂರು ಅಂಗುಲ ಬಿಟ್ಟು, ನೆಲದಿಂದ ಮೂರು ಅಂಗುಲ ಮೇಲೆ, ಒಂದು ಅಡ್ಡಪಟ್ಟಿ. ತಾಯಿ ಗೋಡೆಗೊರಗಿ ಮಲಗುವಾಗ ಬೆನ್ನ ಹಿಂದಿನ ಮರಿ ಜಜ್ಜಿಹೋಗದಂತೆ ಈ ಪಟ್ಟಿ ತಡೆಯುತ್ತದೆ. ಪೆಟ್ಟಿಗೆಯ ನಾಲ್ಕು ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ನಿಲ್ಲಿಸಬೇಕೆಂದು ಸೂಚಿಸಿದವರು ಅತ್ತೆಯವರು. ಮಳೆಗಾಲದಲ್ಲಿ ಗೂಡು ಬಿಟ್ಟೆದ್ದ ಇರುವೆಗಳು ಕಣ್ಣು ಬಿಡದ ಮರಿಯನ್ನು ಮುತ್ತಿದರೆ ಅದು ತಪ್ಪಿಸಿಕೊಳ್ಳಲಾರದು. ಈ ಸೂಚನೆಯನ್ನು ವೈದ್ಯರೂ ಮೆಚ್ಚಿ ಬರೆದುಕೊಂಡು ಹೋದರು.

ಹಾಸಿಗೆಗೆ ಹಳೆಯ ಹತ್ತಿ ಸೀರೆಗಳು. ಗೋಣಿ ಬೇಡ, ಅದು ನೀರನ್ನು ಹಿಡಿದುಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಬಾರಿ ಹಾಸು ಬದಲಿಸಬೇಕೆಂದು ಹೇಳುವುದು ಸುಲಭ. ಆಟಿಯಲ್ಲಿ ಅಷ್ಟು ಬಟ್ಟೆಯನ್ನು ಒಣಗಿಸುವುದು ಎಲ್ಲಿ? ಬಚ್ಚಲು ಮನೆಯ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿದೆವು. ಗೆರಟೆಯ ಕಾವಿಗೆ ಒಂದು ಬದಿಯಲ್ಲಿ ಮಕ್ಕಳ ಸಮವಸ್ತ್ರ, ಇನ್ನೊಂದು ಬದಿಯಲ್ಲಿ ಬೊಳ್ಳಿಯ ಹಾಸಿಗೆ. ಮನೆಯವರೆಲ್ಲರ ಮೈಯಲ್ಲಿಯೂ ಒಂದು ತಿಂಗಳು ಹೊಗೆಯ ವಾಸನೆ. ಮಳೆ ಜೋರಾದ ರಾತ್ರಿಗಳಲ್ಲಿ ಬಿಸಿನೀರಿನ ಬಾಟಲಿಯೊಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಇಡುತ್ತಿದ್ದೆವು. ಸೆಕೆಯಾದರೆ ಮರಿಗಳು ದೂರ ತೆವಳಲು ಸ್ಥಳವಿರಬೇಕು. ರಾಶಿಯಾಗಿ ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿ. ಚೆದರಿ ಮಲಗಿ ಏದುತ್ತಿದ್ದರೆ ಸೆಕೆ. ಒತ್ತಾಗಿ ಮಲಗಿ, ನಿದ್ದೆಯಲ್ಲಿ ಕಾಲು ಕಿವಿ ಮಿಟುಕಿಸುತ್ತಿದ್ದರೆ ಎಲ್ಲವೂ ಸರಿ. ಆ ಮಿಟುಕಾಟವನ್ನು ಕಂಡು ನಾವು ಮೊದಲು ಅಪಸ್ಮಾರವೆಂದು ಹೆದರಿದ್ದೆವು.

ಅಡುಗೆಮನೆಯ ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗುವುದು ಮಗನ ಕೆಲಸವಾಯಿತು. ೩೦೦ ಗ್ರಾಂ ಸುಮಾರಿದ್ದ ಮರಿಗಳು ಹತ್ತನೆಯ ದಿನಕ್ಕೆ ೬೦೦ಕ್ಕೆ ಮುಟ್ಟಿದುವು. ಹಾಗೆ ಇಮ್ಮಡಿಯಾಗುವುದೇ ಆರೋಗ್ಯದ ಲಕ್ಷಣ. ಒಂದು ದಿನ ತೂಕ ಏರದಿದ್ದರೆ ಕಣ್ಣಿಡಬೇಕು. ಇಳಿದರೆ ವೈದ್ಯರನ್ನು ಕಾಣಬೇಕು. ಹನ್ನೆರಡನೆಯ ದಿನ ಮೊದಲ ಮರಿ ಕಣ್ಣು ಬಿಟ್ಟಿತು. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ತಾನಾಗಿ ಬಿಡುವ ಕಣ್ಣನ್ನು ನಾವು ಬಿಡಿಸಹೋಗಬಾರದು.

ಬಾಣಂತಿಯ ಊಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದುವು. ಅತ್ತೆಯವರು ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿದ ಸಾರನ್ನು ಕುದಿಸಿಯೇಬಿಟ್ಟಿದ್ದರು. ನಮ್ಮ ಹೆಂಗಸರಿಗೆ ಅಮೃತವಾದ ಬೆಳ್ಳುಳ್ಳಿ ನಾಯಿಗೆ ವಿಷ, ನೀರುಳ್ಳಿಯೂ ಹಾಗೆಯೇ. ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ವೈದ್ಯರ ಬಾಯಿಂದಲೇ ಇದನ್ನು ಕೇಳುವವರೆಗೆ ಅವರು ಒಪ್ಪಲಿಲ್ಲ. ಹಾಲೂಡಿಸುವ ನಾಯಿಗೆ ಮೂರನೆಯ ವಾರದ ವೇಳೆಗೆ ಎಂದಿನದರ ಎರಡು ಮೂರು ಪಟ್ಟು ಆಹಾರ ಬೇಕು. ಒಂದೇ ಬಾರಿಗೆ ಅಷ್ಟನ್ನು ತಿನ್ನಲಾರದಾದುದರಿಂದ ದಿನಕ್ಕೆ ನಾಲ್ಕು ಬಾರಿ ಬಡಿಸಬೇಕು. ಬರಿಯ ಗಂಜಿ ಅನ್ನ ಸಾಲದು. ಮೀನು ಕೊಡೋಣವೆಂದರೆ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವುದಕ್ಕೆ ನಿಷೇಧವಿದ್ದು ಬಂಗುಡೆಯ ಬೆಲೆ ಮುಟ್ಟುವಂತಿರಲಿಲ್ಲ. ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು ಉಪ್ಪಿನ ಕಾರಣ ನಾಯಿಗೆ ಸಲ್ಲದು. ಕೋಳಿಯಂಗಡಿಯಿಂದ ಅಗ್ಗದ ಮಾಂಸ ತಂದು ಬೇಯಿಸಿ, ಎಲುಬು ತೆಗೆದು, ಕುಚ್ಚಲಕ್ಕಿ ಅನ್ನದಲ್ಲಿ ಕಲಸಿ, ಮೇಲೊಂದು ಬೇಯಿಸಿದ ಮೊಟ್ಟೆ ಹಾಕಿದೆವು. ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ನೀರಿನ ಪಾತ್ರೆ ಸದಾ ಪೆಟ್ಟಿಗೆಯ ಪಕ್ಕದಲ್ಲಿಯೇ ಇರಬೇಕು, ಏಕೆಂದರೆ ಮೊದಲ ದಿನಗಳಲ್ಲಿ ಅವಳು ಮರಿಗಳನ್ನು ಬಿಟ್ಟು ಏಳಲೊಲ್ಲಳು.

ದಿನಕ್ಕೊಮ್ಮೆ ಅವಳ ಮೊಲೆಗಳನ್ನು ಮುಟ್ಟಿ ನೋಡುವಷ್ಟು ಸಲಿಗೆ ಸಂಪಾದಿಸಿಕೊಂಡರೆ ಒಳ್ಳೆಯದು. ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ಬಾವು ಬಂದಿದೆಯೆಂದು ತಿಳಿಯಬೇಕು. ಹೆರಿಗೆಯ ಅನಂತರ ಕೆಲವು ವಾರ ಸ್ರಾವವಿರುವುದು ಸಹಜ; ಅದು ದುರ್ವಾಸನೆ ಬೀರಿದರೆ ಸಹಜವಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಇಪ್ಪತ್ತನೆಯ ದಿನ ನಾವು ಬೊಳ್ಳಿಯನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ಅಂದು ಮಧ್ಯಾಹ್ನ ಅವಳು ಊಟ ಮುಟ್ಟಲಿಲ್ಲ. ಪೆಟ್ಟಿಗೆಯಿಂದ ಹೊರಗೆ, ಒಳಗೆ, ಮತ್ತೆ ಹೊರಗೆ ಓಡಾಡಿದಳು. ಮರಿಗಳು ಬಳಿಗೆ ಬಂದರೆ ಎದ್ದುಹೋದಳು. ಮಳೆಯ ತಂಪಿನಲ್ಲಿಯೂ ನಾಲಗೆ ಚಾಚಿ ಏದುತ್ತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ಹಿಂಗಾಲುಗಳು ಮರದ ಕಾಲುಗಳಂತೆ ಸೆಟೆದುವು. ಮುಖದ ಸ್ನಾಯುಗಳು ಅದುರತೊಡಗಿದುವು. ಮುಟ್ಟಿದರೆ ಮೈ ಕೆಂಡ. 'ಹುಚ್ಚು ಹಿಡಿಯಿತು, ದೂರ ಇರಿ' ಎಂದು ನೆರೆಯವರು ಬೇಲಿಯಾಚೆಯಿಂದ ಕೂಗಿದರು. ಫೋನಿನಲ್ಲಿ ಲಕ್ಷಣಗಳನ್ನು ಕೇಳಿದ ವೈದ್ಯರು, "ಮರಿಗಳನ್ನು ಬೇರೆ ಮಾಡಿ, ನಾಯಿಯನ್ನು ಈಗಿಂದೀಗಲೇ ತನ್ನಿ, ಮಳೆ ನಿಲ್ಲಲೆಂದು ಕಾಯಬೇಡಿ" ಎಂದರು. ಯಜಮಾನರು ಅವಳ ಬಾಯಿಗೆ ಬಟ್ಟೆ ಸೋಕದಂತೆ ಕಂಬಳಿಯಲ್ಲಿ ಸುತ್ತಿ ಆಟೋರಿಕ್ಷಾದಲ್ಲಿ ಒಯ್ದರು.

ಅದು ಹಾಲುಜ್ವರ. ಹಾಲಿನ ಮೂಲಕ ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ದೇಹ ಭರಿಸಲಾರದಷ್ಟು ಹರಿದುಹೋಗಿ ರಕ್ತದಲ್ಲಿ ಅದರ ಪ್ರಮಾಣ ಕುಸಿದಾಗ ನರಗಳೂ ಸ್ನಾಯುಗಳೂ ಹತೋಟಿ ತಪ್ಪುತ್ತವೆ. ಹೆರಿಗೆಯಾದ ಒಂದರಿಂದ ನಾಲ್ಕು ವಾರಗಳೊಳಗೆ, ಮರಿಗಳು ಹೆಚ್ಚು ಹೀರುವ ಕಾಲದಲ್ಲಿಯೇ, ಇದು ಬರುವುದು ಹೆಚ್ಚು. ದನ ಸಾಕಿದವರಿಗೆ ಈ ಹೆಸರು ಪರಿಚಿತ; ಆದರೆ ದನಕ್ಕೆ ಹಾಲುಜ್ವರ ಬಂದಾಗ ಮೈ ತಣ್ಣಗಾದರೆ ನಾಯಿಗೆ ಕಾಯುತ್ತದೆ. ತಡಮಾಡಿದರೆ ಸೆಳವು ಬಂದು ಪ್ರಾಣವೇ ಹೋಗುತ್ತದೆ. ವೈದ್ಯರು ಕ್ಯಾಲ್ಸಿಯಂ ಔಷಧಿಯನ್ನು ನರದ ಮೂಲಕ ಹನಿಹನಿಯಾಗಿ ಕೊಡುತ್ತ, ಇನ್ನೊಂದು ಕೈಯಲ್ಲಿ ಎದೆಬಡಿತವನ್ನು ಆಲಿಸುತ್ತ ಕುಳಿತರಂತೆ. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದಾದ ಮದ್ದು ಅದು, ಮನೆಯಲ್ಲಿ ಮಾಡುವಂತಹುದಲ್ಲ. ಅರ್ಧ ಗಂಟೆಯಲ್ಲಿ ಅದುರುವುದು ನಿಂತಿತು. ರಾತ್ರಿ ಒಂಬತ್ತಕ್ಕೆ ಬೊಳ್ಳಿ ಕಾಲ ಮೇಲೆ ನಿಂತು ಮನೆಗೆ ಬಂದಳು.

ಇಲ್ಲಿಯೂ ನನ್ನದೊಂದು ಅಜ್ಞಾನ ಬಯಲಾಯಿತು. 'ಬಸುರಿಯಾಗಿದ್ದಾಗಲೇ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಹೀಗಾಗುತ್ತಿತ್ತೇ?' ಎಂದು ನಾನು ಕೇಳಿದೆ. ಉತ್ತರ ನೇರ ತಿರುಗುಮುರುಗಾಗಿತ್ತು. ಗರ್ಭದ ಕಾಲದಲ್ಲಿ, ಸುಮಾರು ೬೩ ದಿನಗಳ ಆ ಅವಧಿಯಲ್ಲಿ, ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ ತನ್ನ ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ದೇಹದ ಸ್ವಂತ ಏರ್ಪಾಡು ಸೋಮಾರಿಯಾಗುತ್ತದೆ. ಹಾಲಿನ ಹೊರೆ ಹಠಾತ್ತನೆ ಬಿದ್ದಾಗ ಅದು ಎಚ್ಚರಗೊಳ್ಳುವುದೇ ಇಲ್ಲ. ಸಾಕಿದ ನಾಯಿಗೆ ಅಕ್ಕರೆಯಿಂದ ಮಾತ್ರೆ ತಿನ್ನಿಸುವ ಮನೆಗಳಲ್ಲಿ ಈ ರೋಗ ಕಾಣಿಸಿಕೊಳ್ಳುವುದು ಹೀಗೆ. ಮಾತ್ರೆ ಬೇಕಾದರೆ ಅದು ಹೆರಿಗೆಯ ಅನಂತರ, ವೈದ್ಯರು ಹೇಳಿದಷ್ಟು.

ಒಂದು ದಿನ ಮರಿಗಳನ್ನು ತಾಯಿಯಿಂದ ದೂರವಿರಿಸಬೇಕಾಯಿತು. ಆ ಇರುಳು ನಾನೂ ಮಗಳೂ ಪುಡಿಹಾಲು ಕಲಸಿ ಮೂರು ಗಂಟೆಗೊಮ್ಮೆ ಐದು ಬಾಯಿಗಳಿಗೆ ಬೋರಲು ಮಲಗಿಸಿಯೇ ಹಾಕಿದೆವು. ಬೆಳ್ಳಿಯ ಒಳಲೆಯನ್ನು ಮುಟ್ಟುವ ಧೈರ್ಯ ಮತ್ತೆ ಬರಲಿಲ್ಲ. ಔಷಧಾಲಯದಿಂದ ತಂದ ಸಣ್ಣ ಬಾಟಲಿಯೇ ಸಾಕಾಯಿತು. ನಾಲ್ಕನೆಯ ವಾರದಿಂದ ಮೆದುವಾದ ಅನ್ನಕ್ಕೆ ಮಾಂಸದ ಸಾರು ಬೆರೆಸಿ ಅಗಲ ತಟ್ಟೆಯಲ್ಲಿಟ್ಟೆವು. ಮರಿಗಳು ಮೊದಲ ದಿನ ಅದರೊಳಗೆ ನಡೆದಾಡಿದುವು, ಎರಡನೆಯ ದಿನ ತಿಂದುವು, ಮತ್ತು ಬೊಳ್ಳಿಯ ಹೊರೆ ಇಳಿಯಿತು.

ನೆರೆಯವರ 'ಹುಚ್ಚು' ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ರೇಬಿಸ್ ಹತ್ತಿದ ಮೇಲೆ ಮದ್ದಿಲ್ಲ. ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪನೆಯಾದ ಕಾಲದಲ್ಲಿ ನಾಯಿ ಕಚ್ಚಿದವರು ಅಷ್ಟು ದೂರ ಪಯಣಿಸುತ್ತಿದ್ದರು. ಹೊಕ್ಕುಳ ಸುತ್ತ ಚುಚ್ಚುವ ಆ ಹಳೆಯ ಲಸಿಕೆ ಈಗಿಲ್ಲ. ಅದರ ಭಯ ಮಾತ್ರ ಉಳಿದು, ಎಷ್ಟೋ ಜನ ಗೀರನ್ನು ಮುಚ್ಚಿಡುತ್ತಾರೆ. ಎಂತಹ ಸಾಧು ನಾಯಿಯೂ ಮರಿಗಳಿರುವಾಗ ಕಚ್ಚಬಲ್ಲದು. ಎರಡನೆಯ ವಾರ ಪಕ್ಕದ ಮನೆಯ ಹುಡುಗ ನಮಗೆ ತಿಳಿಯದಂತೆ ಕೈ ಹಾಕಿದ್ದಕ್ಕೆ ಬೊಳ್ಳಿಯ ಹಲ್ಲು ಅವನ ಮಣಿಕಟ್ಟಿಗೆ ತಾಗಿತು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಗಡಿಯಾರ ನೋಡಿ ೧೫ ನಿಮಿಷ ತೊಳೆದು, ನೇರ ವೆನ್‌ಲಾಕ್ ಆಸ್ಪತ್ರೆಗೆ ಕರೆದೊಯ್ದೆವು. ಹೇಳಿದ ದಿನಗಳಂದು ತಪ್ಪದೆ ಲಸಿಕೆ ಹಾಕಿಸಿದುದು ಆ ತಾಯಿ. ನನ್ನೊಡನೆ ಅವರು ಮಾತು ಬಿಟ್ಟದ್ದು ಎರಡು ತಿಂಗಳು, ಅದು ನ್ಯಾಯವೇ.

ಜಂತುಹುಳುವಿನ ಮಾತನ್ನೂ ಮಕ್ಕಳಿರುವ ಮನೆಯವರು ಕೇಳಿಸಿಕೊಳ್ಳಬೇಕು. ಅದು ತಾಯಿಯ ಗರ್ಭದಲ್ಲಿಯೇ, ಅನಂತರ ಹಾಲಿನಲ್ಲಿ, ಮರಿಗೆ ಬರುತ್ತದೆ. ಮರಿಯ ಮಲದಿಂದ ನಮ್ಮ ಮಕ್ಕಳ ಕೈಗೂ ಬರುತ್ತದೆ. ಎರಡು ವಾರ ತುಂಬಿದಾಗ ಮರಿಗಳಿಗೂ ತಾಯಿಗೂ ಮೊದಲ ಔಷಧಿ, ಅನಂತರ ಎರಡೆರಡು ವಾರಕ್ಕೆ ಮತ್ತೆ. ಆರರಿಂದ ಎಂಟು ವಾರಗಳೊಳಗೆ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ.

ಎಂಟು ವಾರ ತುಂಬುವ ಮೊದಲು ಮರಿಗಳನ್ನು ಕೊಡಬಾರದೆಂದು ಕಾದೆವು. ಐದರಲ್ಲಿ ಎರಡು ಗಂಡು, ಮೂರು ಹೆಣ್ಣು. ಗಂಡು ಮರಿಗಳನ್ನು ಕೇಳಿ ಬಂದವರು ಏಳು ಮಂದಿ. ಹೆಣ್ಣೆಂದೊಡನೆ ಮುಖ ತಿರುಗಿಸಿದರು. "ಹೆಣ್ಣೋ? ಬೇಡ ಮಾರಾಯ್ರೆ, ವರ್ಷಕ್ಕೆರಡು ಸಲ ರಗಳೆ" ಎಂಬುದೇ ಎಲ್ಲರ ಮಾತು. ಮೀನು ಮಾರುಕಟ್ಟೆಯ ಬಳಿಯಲ್ಲಿಯೋ ಕಡಲ ತೀರದಲ್ಲಿಯೋ ಗೋಣಿಯಲ್ಲಿ ಕಟ್ಟಿ ಬಿಟ್ಟುಹೋದ ಮರಿಗಳಲ್ಲಿ ಹೆಣ್ಣೇ ಏಕೆ ಹೆಚ್ಚು ಕಾಣುತ್ತವೆಂಬುದು ಆಗ ತಿಳಿಯಿತು. ರಗಳೆಗೆ ಪರಿಹಾರವಿದೆ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ೨೦೦೧ರಲ್ಲಿಯೇ ಕೇಂದ್ರ ಸರಕಾರ ನಿಯಮ ಮಾಡಿತು. ೨೦೨೩ರಲ್ಲಿ ಹೊಸ ನಿಯಮ ಬಂತು. ನಮ್ಮೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಈ ಕೆಲಸಕ್ಕೆ ಹೆಸರಾದುದು. ಹಾಲೂಡಿಸುವ ತಾಯಿಯನ್ನು ಮಾತ್ರ ಒಯ್ಯಬಾರದು. ಮರಿಗಳು ಹಾಲು ಬಿಟ್ಟು, ಮೊಲೆಗಳು ಬತ್ತಿದ ಮೇಲೆ ಬೊಳ್ಳಿಗೆ ಶಸ್ತ್ರಚಿಕಿತ್ಸೆಯಾಯಿತು. ಗುರುತಿಗಾಗಿ ಕತ್ತರಿಸಿದ ಕಿವಿಯ ತುದಿಯನ್ನು ಕಂಡು ಅತ್ತೆಯವರು ಒಂದು ದಿನ ಯಾರೊಡನೆಯೂ ಮಾತಾಡಲಿಲ್ಲ. ಹೆಣ್ಣು ಮರಿಗಳಿಗೂ ಪ್ರಾಯ ಬಂದಾಗ ಮಾಡಿಸಿಕೊಡುತ್ತೇವೆಂದು ಮಾತು ಕೊಟ್ಟ ಮೇಲೆಯೇ ಎರಡಕ್ಕೆ ಮೂಡುಬಿದಿರೆಯ ಕಡೆಯ ತೋಟದ ಮನೆಯೊಂದು ದೊರೆಯಿತು. ಮೂರನೆಯದು ನಮ್ಮಲ್ಲಿಯೇ ಉಳಿಯಿತು. ಐದನೆಯ ದಿನ ನನ್ನ ಸೆರಗಿನಲ್ಲಿ ಬದುಕಿದ ಮರಿ ಅದೇ ಎಂದು ಮಗ ವಾದಿಸುತ್ತಾನೆ. ತೂಕದ ಪುಸ್ತಕ ನೋಡಿದರೆ ಹಾಗೆ ತೋರುವುದಿಲ್ಲ. ನಾನು ತಿದ್ದಹೋಗಿಲ್ಲ.

ಹಲಸಿನ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿಲ್ಲ. ಮಾತು ಬಿಟ್ಟಿದ್ದ ಆ ನೆರೆಮನೆಯವರೇ ಮರುವರ್ಷ ಕೇಳಿ ಒಯ್ದರು. ಅಲ್ಲಿಂದ ಮಣ್ಣಗುಡ್ಡೆಗೆ ಹೋಗಿ, ಈ ಮಳೆಗಾಲಕ್ಕೆ ಬಿಜೈಯ ಮನೆಯೊಂದರಲ್ಲಿದೆಯೆಂದು ಕೇಳಿದ್ದೇನೆ. ಒಳಗಿನ ಅಡ್ಡಪಟ್ಟಿ ಒಂದು ಬದಿ ಸಡಿಲಾಗಿದೆಯಂತೆ. ಒಯ್ಯುವವರು ಎರಡು ಮೊಳೆ ಹೊಡೆದುಕೊಳ್ಳಬೇಕು.